ನನ್ನ ದೊಡ್ಡ ಮಗಳು ಸ್ಟೆಲ್ಲಾ

ಬಹರೈನಿನ ಉಮ್ ಅಲ್ ಹಸ್ಸಮಿನಲ್ಲಿದ್ದ ನಮ್ಮ ಶಾಲೆಯ ಸಿಕ್ಸ್ತ್ ಫಾರಮಿನಲ್ಲಿ, ಅಂದ್ರೆ ನಮ್ಮೂರ ಪಿಯುಸಿಯಲ್ಲಿ, ಫ್ಯಾಶನ್ ಡಿಸೈನ್ ಕಲಿತ ಮೊದಲನೇ ಬ್ಯಾಚಿಗೆ ಫಸ್ಟ್ ಬಂದದ್ದು ನನ್ನ ದೊಡ್ಡ ಮಗಳು ಸ್ಟೆಲ್ಲಾ. ಅವಳಿಗೆ ತಲೆ ಇಲ್ಲ. ಕೈಯೂ ಇಲ್ಲ. ಸೊಂಟದ ಕೆಳಗೆ ಒಂದು ಮರದ ಕಂಬ, ಅದಕ್ಕೆ ಮೂರು ಚಕ್ರ. ದರ್ಜಿಗಳು ಬಟ್ಟೆ ಹಾಕಿ ಅಳತೆ ನೋಡುವ ಬೊಂಬೆ ಉಂಟಲ್ಲ, ಅದು.

ನಗಾಡುದು ಬೇಡ. ಎಲ್ಲ ರೂಲ್ಸ್ ಪ್ರಕಾರವೇ ಆದದ್ದು.

ನಾನು ರೊಕಿ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆದ್ರೆ ಬಹರೈನಿನಲ್ಲಿ ಸರಿಯಾದ ರಸ್ತೆ ಬರುವ ಮೊದಲೇ ಗಾಡಿ ಓಡಿಸಿದವ. ನನ್ನ ಟಯರಿನ ಗುರುತು ನೋಡಿಯೇ ಅವರು ಡಾಮರು ಹಾಕಿದ್ದು. ಆ ಶಾಲೆಯ ಬಸ್ಸಿಗೆ ಡ್ರೈವರ್ ನಾನೇ. ನಾನು ಬಾರದೆ ಬೆಲ್ಲು ಹೊಡಿತಿರ್ಲಿಲ್ಲ.

ಎಂಬತ್ತನಾಲ್ಕರಲ್ಲಿ ಶಾಲೆಯ ಕಮಿಟಿ ಒಂದು ಸುತ್ತೋಲೆ ಹೊರಡಿಸಿತು. "ಹೆಣ್ಣುಮಕ್ಕಳ ಸರ್ವತೋಮುಖ ಅಭಿವೃದ್ಧಿಯ ದೃಷ್ಟಿಯಿಂದ ಫ್ಯಾಶನ್ ಡಿಸೈನ್ ವಿಷಯವನ್ನು ಆರಂಭಿಸಲು ತೀರ್ಮಾನಿಸಲಾಗಿದೆ. ಬಟ್ಟೆ, ನೂಲು, ಗುಂಡಿಗಳನ್ನು ಅಧ್ಯಕ್ಷರ ಅಂಗಡಿಯಿಂದ ಮಾತ್ರ ಖರೀದಿಸತಕ್ಕದ್ದು. ಹತ್ತು ಮಂದಿ ಸೇರದಿದ್ದಲ್ಲಿ ವಿಷಯವನ್ನು ಆರಂಭಿಸತಕ್ಕದ್ದಲ್ಲ." ಅಧ್ಯಕ್ಷರು ಝಕರಿಯಾ ಹಾಜಿ, ಮನಾಮದ ಪೇಟೆಯಲ್ಲಿ ದೊಡ್ಡ ಬಟ್ಟೆ ಅಂಗಡಿ. ಅಭಿವೃದ್ಧಿ ಅಂದ್ರೆ ಎಂತ ಅಂತ ಅವರಿಗೆ ಯಾರೂ ಹೇಳಿಕೊಡುವುದು ಬೇಡ. ವಿಷಯಕ್ಕೆ ಶುಭವಾಗಲಿ ಅಂತ ಅಂಗಡಿಯ ಹಳೆ ಬೊಂಬೆಯೊಂದನ್ನು ದಾನವೂ ಕೊಟ್ಟಿದ್ರು.

ಕೊನೆ ದಿನಕ್ಕೆ ಸೇರಿದ್ದು ಒಂಬತ್ತೇ ಹುಡುಗಿಯರು. ಅದರಲ್ಲಿ ಒಬ್ಬಳು ನನ್ನ ಮಗಳು ಅಪೊಲಿನ್. ಅವಳಿಗೆ ಬಟ್ಟೆಯ ಹುಚ್ಚು. ಸಣ್ಣದಿರುವಾಗ ನನ್ನ ಮದುವೆ ಪ್ಯಾಂಟು ಕತ್ತರಿಸಿ ತಮ್ಮನಿಗೆ ಕೋಟು ಮಾಡಿದವಳು. ಕೋಟು ಸರಿಯಾಗಿ ಕೂತಿತ್ತು, ಹಾಗಾಗಿ ಹೊಡಿಲಿಲ್ಲ. ಆದ್ರೆ ಮನೆಯಲ್ಲಿ ನನ್ನ ಹೆಂಡತಿ ಗರ್ಟ್ರೂಡಿನ ತೀರ್ಪು ಆಗಿಬಿಟ್ಟಿತ್ತು: ಕ್ಲಾಸು ಶುರುವಾಗದಿದ್ರೆ ಹುಡುಗಿ ಮನೆಯಲ್ಲಿ ಅಡಿಗೆ ಕಲಿಯಲಿ, ಹದಿನೆಂಟು ತುಂಬಿದ ಕೂಡ್ಲೆ ಗುಫೂಲಿನ ಕ್ಲೊಟಿಲ್ಡಾ ಬಾಯಿಯ ಮಗನಿಗೆ ಕೊಡುವ. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ. ಅವನು ಮಾತಾಡಿದ್ದು ನಾನು ಕೇಳ್ಲಿಲ್ಲ, ತಾಯಿ ಬಿಟ್ಟದ್ದಿಲ್ಲ.

ಅಪೊಲಿನ್ ಅಳ್ಲಿಲ್ಲ. ಊಟ ಬಿಟ್ಟಳು. ನನಗೆ ಅದು ಆಗುವುದಿಲ್ಲ. ಬಸ್ಸಿನ ಕೀ ಹಿಡ್ಕೊಂಡೇ ಪ್ರಿನ್ಸಿಪಾಲ್ ಸಿಲ್ವೆಸ್ಟರ್ ಸಾರಿನ ರೂಮಿಗೆ ನುಗ್ಗಿದೆ. ಹಾಜಿಯವರೂ ಅಲ್ಲೇ ಇದ್ರು. ಮೂಲೆಯಲ್ಲಿ ಬೊಂಬೆ ನಿಂತಿತ್ತು.

"ಹಾಜಿಯವರೇ, ಹತ್ತು ಮಂದಿ ಅಂತ ಬರೆದಿದ್ದೀರಿ. ಉಸಿರಾಡ್ಬೇಕು ಅಂತ ಬರೆದಿದ್ದೀರಾ?"

ಹಾಜಿಯವರು ಸುತ್ತೋಲೆ ಓದಿದ್ರು. ತಿರುಗಿಸಿ ಹಿಂದೆಯೂ ನೋಡಿದ್ರು. ಬರೆದಿರ್ಲಿಲ್ಲ.

ಸಿಲ್ವೆಸ್ಟರ್ ಸಾರು ಎರಡು ಎಂಎ ಮಾಡಿದವರು. ಅವರಿಗೆ ಒಂದೇ ಆಕ್ಷೇಪ: ತಂದೆಯ ಸಹಿ ಇಲ್ಲದೆ ಅಡ್ಮಿಶನ್ ಆಗುವುದಿಲ್ಲ. ನಾನು ಹಾಕಿದೆ. ಹೆಸರು, ಹುಟ್ಟಿದ ವರ್ಷ ಕೇಳಿದ್ರು. ಬೊಂಬೆಯನ್ನು ಅಡ್ಡ ಹಾಕಿ ನೋಡಿದ್ರೆ ಅಡಿಯಲ್ಲಿ ಸ್ಟೆಲ್ಲಾ, 1966 ಅಂತ ಅಚ್ಚೊತ್ತಿತ್ತು. ಅಪೊಲಿನ್ ಅರವತ್ತೆಂಟರವಳು. ಹೀಗೆ ನನ್ನ ಹಿರಿಮಗಳು ಸ್ಟೆಲ್ಲಾ ಅರ್ಧ ಗಂಟೆಯಲ್ಲಿ ದೊಡ್ಡವಳಾದಳು. ಗುರುತಿನ ಚೀಟಿಯ ಫೋಟೊದಲ್ಲಿ ಮುಖದ ಜಾಗ ಖಾಲಿ ಇತ್ತು, ಅಲ್ಲಿಗೆ ಶಾಲೆಯ ಸೀಲು ಹೊಡೆದ್ರು. ತಂದೆ ಬಡವ ಅಂತ ಅವಳ ಪಾಲಿನ ಬಟ್ಟೆಯನ್ನು ಬಡಮಕ್ಕಳ ನಿಧಿಯಿಂದ ಖರೀದಿ ಮಾಡಿದ್ರು, ಹಾಜಿಯವರ ಅಂಗಡಿಯಿಂದಲೇ.

ಶಾಲೆ ಬಿಟ್ಟ ಮೇಲೆ ವಿದ್ಯಾರ್ಥಿಗಳು ಒಳಗೆ ಉಳಿಯುವಂತಿಲ್ಲ ಅಂತ ಒಂದು ರೂಲ್ಸು. ಹಾಗಾಗಿ ಸ್ಟೆಲ್ಲಾ ದಿನಾ ನನ್ನ ಬಸ್ಸಿನಲ್ಲೇ ಮನೆಗೆ ಬರ್ತಿದ್ದಳು. ಗರ್ಟ್ರೂಡ್ ಮೊದಲು ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಸ್ಟೆಲ್ಲಾನ ಜೊತೆ ಮಾತಾಡ್ಲಿಕ್ಕೆ ಶುರು ಮಾಡಿದಳು. ಅಕ್ಕಿ ಆರಿಸುವಾಗ ಹತ್ತಿರ ನಿಲ್ಲಿಸಿಕೊಳ್ಳುವಳು. "ಈ ಮನೆಯಲ್ಲಿ ನನ್ನ ಮಾತು ಪೂರ್ತಿ ಕೇಳುವವಳು ಇವಳೊಬ್ಬಳೇ," ಅಂತ ನನಗೆ ಕುಟುಕುವುದು. ಅಪೊಲಿನ್ ಮಾತ್ರ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅಕ್ಕನ ಮೈಮೇಲೆ ಹೊಲಿದು, ಬಿಚ್ಚಿ, ಮತ್ತೆ ಹೊಲಿದು, ಎರಡು ವರ್ಷ ತೆಗೆದಳು.

ಪರೀಕ್ಷೆ ಬಂತು. ಒಂದು ತಪ್ಪಿಗೆ ಒಂದು ಮಾರ್ಕು ಕಟ್ ಅಂತ ರೂಲ್ಸು. ಸ್ಟೆಲ್ಲಾನ ಪೇಪರಿನಲ್ಲಿ ಒಂದು ತಪ್ಪೂ ಸಿಗ್ಲಿಲ್ಲ. ಅಕ್ಷರವೂ ಸಿಗ್ಲಿಲ್ಲ, ಆದ್ರೆ ಅದಕ್ಕೆ ಕಟ್ ಮಾಡ್ಲಿಕ್ಕೆ ರೂಲ್ಸ್ ಇರ್ಲಿಲ್ಲ. ಪ್ರಾಕ್ಟಿಕಲಿನಲ್ಲಿ ಒಂಬತ್ತು ಹುಡುಗಿಯರ ಅಂಗಿಯೂ ಅವಳ ಮೈಗೆ ಕೂತಿತು, ಬೇರೆಯವರ ಮೈಗೆ ತಮ್ಮತಮ್ಮದೇ ಕೂರ್ಲಿಲ್ಲ. "ವಿದ್ಯಾರ್ಥಿನಿಯ ಶಿಸ್ತು ಅನುಕರಣೀಯ," ಅಂತ ಪರೀಕ್ಷಕರು ಬರೆದ್ರು. ಸ್ಟೆಲ್ಲಾ ಫಸ್ಟ್, ಅಪೊಲಿನ್ ಸೆಕೆಂಡ್. ಹಾರ ಹಾಕುವಾಗ ಕುತ್ತಿಗೆಯಿಂದ ಮೇಲೆ ತಡೆಯುವಂಥದ್ದು ಎಂತದ್ದೂ ಇರ್ಲಿಲ್ಲ, ಸಲೀಸಾಗಿ ಇಳಿಯಿತು.

ಅಪೊಲಿನಿಗೆ ಬೊಂಬಾಯಿಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು, ಮೂರು ವರ್ಷದ ಕೋರ್ಸು. ಅದೇ ವಾರ ಕ್ಲೊಟಿಲ್ಡಾ ಬಾಯಿ ಮುಹರ್ರಕಿನ ಹಲ್ವದ ಡಬ್ಬ ಹಿಡ್ಕೊಂಡು ಬಂದಳು. ಕಾಲೇಜು ಗೀಲೇಜು ಬೇಡ, ಬರುವ ತಿಂಗಳೇ ಇಗರ್ಜಿಯಲ್ಲಿ ಮದುವೆ ಅಂದಳು. ಗರ್ಟ್ರೂಡ್ ತಲೆಯಾಡಿಸಿದಳು. ನಾನು ಇಡೀ ಬಹರೈನಿಗೆ ಹೆದರದವ, ಈ ಇಬ್ಬರು ಒಟ್ಟಿಗೆ ಕೂತ್ರೆ ನನಗೆ ಕೆಮ್ಮು ಬರ್ತದೆ. ಕೆಮ್ಮಿದೆ.

ಅಪೊಲಿನ್ ಒಳಗೆ ಹೋದಳು. ಚಕ್ರದ ಸದ್ದಾಯಿತು. ನೀಲಿ ಫ್ರಾಕು ಹಾಕಿಸಿ ಸ್ಟೆಲ್ಲಾನನ್ನು ತಂದು ಬಾಯಿಯ ಎದುರು ನಿಲ್ಲಿಸಿದಳು.

"ಅಕ್ಕನದ್ದು ಆಗದೆ ನನ್ನದು ಹೇಗೆ, ಬಾಯಿ?"

ಕ್ಲೊಟಿಲ್ಡಾ ಬಾಯಿ ನನ್ನ ಮುಖ ನೋಡಿದಳು. "ರೊಕಿಯವರೇ, ಇವಳು ದೊಡ್ಡವಳಾ?"

ನನಗೆ ಬರೆಯಲಿಕ್ಕೆ ಬರುವುದು ಸಹಿ ಒಂದೇ. ಅದನ್ನೂ ಸುಳ್ಳು ಮಾಡ್ಲಿಕ್ಕೆ ಆಗ್ತದಾ? "ಹೌದು ಬಾಯಿ. ಅರವತ್ತಾರರವಳು," ಅಂದೆ.

ಗರ್ಟ್ರೂಡ್ ಎಂತದೋ ಹೇಳ್ಲಿಕ್ಕೆ ಹೊರಟಳು. ಬೊಂಬೆ ಕಡೆ ನೋಡಿದಳು, ಎರಡು ವರ್ಷ ಅಕ್ಕಿ ಆರಿಸಿದ ಋಣ. "ದೊಡ್ಡವಳನ್ನು ಮನೆಯಲ್ಲಿ ಇಟ್ಟು ಸಣ್ಣವಳದ್ದು ಮಾಡಿದ್ರೆ ಜನ ಎಂತ ಹೇಳಿಯಾರು," ಅಂದಳು.

"ಅದು ಹೌದು," ಅಂದಳು ಕ್ಲೊಟಿಲ್ಡಾ ಬಾಯಿ. ಎದ್ದು ಸ್ಟೆಲ್ಲಾನಿಗೆ ಒಂದು ಸುತ್ತು ಬಂದಳು. ಮಾತು ಕಡಿಮೆ, ಎದುರು ಹೇಳುವವಳಲ್ಲ, ಮೈಕಟ್ಟು ಒಳ್ಳೆದುಂಟು ಅಂತ ತನ್ನಷ್ಟಕ್ಕೆ ಹೇಳಿಕೊಂಡಳು. ಮಗನ ವಿಷಯ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗೋಡೆಯಲ್ಲಿದ್ದ ಫಸ್ಟ್ ರ‍್ಯಾಂಕಿನ ಸರ್ಟಿಫಿಕೇಟು ಕಣ್ಣಿಗೆ ಬಿತ್ತು. ಹಲ್ವದ ಡಬ್ಬ ವಾಪಸ್ ಎತ್ತಿಕೊಂಡು ಹೊರಟಳು.

ಅಪೊಲಿನ್ ಬೊಂಬಾಯಿಗೆ ಹೋದಳು, ಕಲಿತಳು. ಅಕ್ಕನದ್ದು ಮೊದಲು ಆಗಲಿ ಅಂತ ಅವಳ ಮದುವೆಗೆ ಯಾರೂ ಅವಸರ ಮಾಡ್ಲಿಲ್ಲ. ಸ್ಟೆಲ್ಲಾನಿಗೆ ನಾವು ಈಗಲೂ ಹುಡುಗನನ್ನು ನೋಡ್ತಾ ಇದ್ದೇವೆ. ಅವಳಿಗೆ ತಲೆ ಇಲ್ಲ ಅಂತ ಬಂದವರಲ್ಲಿ ಇಷ್ಟರವರೆಗೆ ಒಬ್ಬರೂ ಹೇಳ್ಲಿಲ್ಲ. ಹುಡುಗಿ ಓದಿದ್ದು ಸ್ವಲ್ಪ ಜಾಸ್ತಿಯಾಯಿತು, ಅದೊಂದೇ ತಕರಾರು.