ತಲೆ ಸುತ್ತಿದ ರಾಮಚಂದ್ರನ ಗ್ಯಾಸ್ ಲೀಕು

ನಾನು ಸಾಮಾನ್ಯ ಮನುಷ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಮನೆಗೆ ಪೈಪಿನಲ್ಲಿ ಅಡುಗೆ ಗ್ಯಾಸ್ ಕೊಡುವ ಕಂಪನಿಯೊಂದರಲ್ಲಿ ನಾನು ಆಂತರಿಕ ಗುಣಮಟ್ಟದ ಆಡಿಟರ್. ಅಂದರೆ ನಮ್ಮ ತಪ್ಪನ್ನು ಹೊರಗಿನವರು ಕಂಡುಹಿಡಿಯುವ ಮೊದಲು ನಾವೇ ಕಂಡುಹಿಡಿದುಕೊಳ್ಳಬೇಕು. ಅದಕ್ಕೆ ನನಗೆ ಸಂಬಳ.

ನಮ್ಮಲ್ಲಿ ಆಡಿಟ್ ಅಂದರೆ ಒಂದು ಹಬ್ಬ. ಬರುವ ದಿನವನ್ನು ನಾನು ಮೊದಲೇ ತಿಳಿಸಿರುತ್ತೇನೆ. ಹುಡುಗರು ಇಸ್ತ್ರಿ ಅಂಗಿ ತೊಟ್ಟು, ಹೆಲ್ಮೆಟ್ ಒರೆಸಿಕೊಂಡು ಸಾಲಾಗಿ ನಿಂತಿರುತ್ತಾರೆ. "ಗ್ಯಾಸ್ ಲೀಕ್ ಅಂತ ಫೋನ್ ಬಂದ್ರೆ ಏನ್ ಮಾಡ್ತೀರಿ?" ಎಂದು ಗಂಭೀರವಾಗಿ ಕೇಳುತ್ತೇನೆ. "ತಕ್ಷಣ ಹೋಗ್ತೀವಿ ಸಾರ್!" ಎನ್ನುತ್ತಾರೆ. ಬಿಸಿ ಉದ್ದಿನವಡೆ ಬರುತ್ತದೆ. ಆಡಿಟ್ ಮುಗಿಯಿತು!

ಈ ಸಲ ಹೊಸದಾಗಿ ಬಂದ ಮ್ಯಾನೇಜರ್ ವಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಪ್ರಕಾಶ್, ಇದು ಆಡಿಟ್ ಅಲ್ಲ, ಟಿಫನ್ನು. ನಿಜವಾಗ್ಲೂ ಲೀಕ್ ಆದ್ರೆ ನಮ್ಮವರು ಹೇಗೆ ಕೆಲ್ಸ ಮಾಡ್ತಾರೆ ಅಂತ ನನಗೆ ಗೊತ್ತಾಗ್ಬೇಕು" ಎಂದರು. ಆ ಮಾತು ನನಗೆ ನಾಟಿತು. ನನ್ನೊಳಗಿನ ಆಡಿಟರ್ ಎದ್ದು ಕೂತ. ಅವನು ಮಲಗಿದ್ದರೇ ಚೆನ್ನಾಗಿತ್ತು.

ನಾನು ಹೂಡಿದ ಉಪಾಯ ಬಹಳ ಸರಳವಾಗಿತ್ತು. ಯಾರಿಗೂ ಹೇಳದೆ, ಒಂದು ಭಾನುವಾರ ನಮ್ಮದೇ ತುರ್ತು ನಂಬರಿಗೆ ಸುಳ್ಳು ಹೆಸರಿನಲ್ಲಿ ಫೋನ್ ಮಾಡಿ, ತಂಡ ಹೇಗೆ ಬರುತ್ತದೆ ಎಂದು ಕದ್ದು ನೋಡುವುದು. ಜಾಗ ಯಾವುದು? ಬೇರೆ ಬಿಲ್ಡಿಂಗ್ ಆದರೆ ಹತ್ತು ಜನರ ಅನುಮತಿ ಬೇಕು. ಪುಟ್ಟೇನಹಳ್ಳಿಯ ನಮ್ಮದೇ ಅಪಾರ್ಟ್‌ಮೆಂಟ್ ಆದರೆ ಕೇಳುವವರು ಯಾರು? ಅಸೋಸಿಯೇಷನ್ನಿನ ಸೆಕ್ರೆಟರಿ ನನ್ನ ಹೆಂಡತಿ ಶಾರದಾ. ಅವಳಿಗೂ ಹೇಳಲಿಲ್ಲ. ಗೌಪ್ಯತೆ ಎಂದರೆ ಗೌಪ್ಯತೆ!

ಇಲ್ಲಿ ಒಂದು ವಿಷಯ ಹೇಳಬೇಕು. ಈ ಬಿಲ್ಡಿಂಗಿಗೆ ಪೈಪ್ ಗ್ಯಾಸ್ ತಂದವಳೇ ಶಾರದಾ. ಮನೆ ಮನೆ ಹತ್ತಿ ಇಳಿದು, "ನಮ್ಮನೆಯವರು ಅದೇ ಕಂಪನೀಲಿದಾರೆ, ಗ್ಯಾಸ್ ಯಾವತ್ತೂ ನಿಲ್ಲಲ್ಲ, ನನ್ನ ಮಾತು ನಂಬಿ" ಎಂದು ಒಪ್ಪಿಸಿದ್ದಳು. ಕೊನೆಯವರೆಗೂ ಒಪ್ಪದಿದ್ದವರು ಮುನಿಯಪ್ಪನವರು. ಈ ಬಿಲ್ಡಿಂಗ್ ನಿಂತಿರುವುದು ಹಿಂದೆ ಅವರು ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ. ಇಲ್ಲಿ ಅವರ ಮಾತೆಂದರೆ ಮಾತು. "ನಿಮ್ ಮುಖ ನೋಡಿ ಒಪ್ತಾ ಇವ್ನಿ ಅಮ್ಮಾವ್ರೆ. ಒಂದ್ಸಲ ನಿಂತ್ರೂ ಪೈಪು ಕಿತ್ತಾಕುಸ್ತೀನಿ" ಎಂದಿದ್ದರು.

ನಾನು ಆರಿಸಿಕೊಂಡ ಭಾನುವಾರವೇ ಮುನಿಯಪ್ಪನವರ ಮೊಮ್ಮಗಳ ನಾಮಕರಣ. ಅಡುಗೆ ನಮ್ಮ ಮಹಡಿಯ ಮೂರು ಮನೆಗಳಲ್ಲಿ. ಒಬ್ಬಟ್ಟು ನಮ್ಮ ಒಲೆಯ ಮೇಲೆ. ಇದನ್ನೆಲ್ಲ ಶಾರದಾ ನನಗೆ ಮೂರು ಸಲ ಹೇಳಿದ್ದಳಂತೆ. ನಾನು ಮೂರು ಸಲವೂ "ಹೂಂ" ಅಂದಿದ್ದೆನಂತೆ. ಆಡಿಟ್ ಕೈಪಿಡಿ ಓದುವಾಗ ನಾನು ಎಲ್ಲದಕ್ಕೂ ಹೂಂ ಅನ್ನುತ್ತೇನೆ.

ಬೆಳಗ್ಗೆ ತಾರಸಿಗೆ ಹೋಗಿ, ಬಾಯಿಗೆ ಕರ್ಚೀಫು ಅಡ್ಡ ಹಿಡಿದು, ಆಫೀಸಿನವರಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಮಾಡಿದೆ. ಎತ್ತಿದವಳು ಶಿಲ್ಪಾ. ಧಾರವಾಡದ ಕಡೆಯ ಹುಡುಗಿ, ಬಿಟಿಎಮ್ ಲೇಔಟಿನ ಪೀಜಿಯಲ್ಲಿದ್ದಾಳೆ. ಆಡಿಟ್ ದಿನ ನನ್ನ ಮುಂದೆ ಬಾಯೇ ಬಿಡುತ್ತಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ವಿಳಾಸ ಹೇಳಿದೆ. "ನಾನು ರಾಮಚಂದ್ರ. ಮೂರನೇ ಮಹಡಿ. ಗ್ಯಾಸ್ ವಾಸನೆ ಬರ್ತಿದೆ!"

"ಗಾಬರಿ ಆಗಬ್ಯಾಡ್ರಿ ಸರ. ಮದ್ಲ ಕಿಡಕಿ ಎಲ್ಲಾ ತಗೀರಿ. ಲೈಟಿನ ಸ್ವಿಚ್ ಮುಟ್ಟಬ್ಯಾಡ್ರಿ. ನೀವು ಆರಾಮ ಅದೀರಿಲ್ಲೋ?"

ಎಷ್ಟು ಚೆನ್ನಾಗಿ ಮಾತಾಡುತ್ತಾಳೆ! ನನಗೆ ಹುರುಪು ಬಂದುಬಿಟ್ಟಿತು. ನಟನೆ ಇನ್ನೂ ಸ್ವಲ್ಪ ಸಹಜವಾಗಿರಲಿ ಎಂದು, "ಅಯ್ಯೋ, ತಲೆ ಸುತ್ತುತ್ತಿದೆಯಮ್ಮಾ..." ಎಂದು ನರಳಿ ಫೋನಿಟ್ಟೆ.

ಇಟ್ಟ ಮೇಲೆ ನೆನಪಾಯಿತು. ಕರೆ ಮಾಡಿದವರಿಗೆ ತಲೆ ಸುತ್ತಿದರೆ ಬಿಲ್ಡಿಂಗಿನ ಮುಖ್ಯ ವಾಲ್ವ್ ಮುಚ್ಚಿಸಬೇಕು, ಫೈರ್ ಇಂಜಿನ್ ಮತ್ತು ಆಂಬುಲೆನ್ಸ್ ಕರೆಸಬೇಕು. ಹಾಗಂತ ನಿಯಮವಿದೆ. ಆ ನಿಯಮ ಬರೆದವನು ನಾನೇ!

ಅಷ್ಟರಲ್ಲಿ ಶಿಲ್ಪಾಳ ಫೋನ್ ಮತ್ತೆ ಬಂತು. ಎತ್ತಿದರೆ ಗುಟ್ಟು ರಟ್ಟಾಗುತ್ತದೆಂದು ಹೆದರಿ ಸ್ವಿಚ್ ಆಫ್ ಮಾಡಿದೆ. ಆ ಕಡೆಯವರು ಏನೆಂದುಕೊಂಡಿರಬೇಕು? ರಾಮಚಂದ್ರ ಬಿದ್ದುಹೋದ ಎಂದೇ ತಾನೆ?

ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ, ಶಿಲ್ಪಾಳಿಂದ ಫೋನ್ ಬಂದಿದ್ದ ವಾಚ್‌ಮನ್ ಬಸವಣ್ಣ ಸೀಟಿ ಊದುತ್ತ ಹತ್ತಿ ಬರುತ್ತಿದ್ದ. "ಗ್ಯಾಸ್ ಲೀಕ್! ವಾಲ್ ಕ್ಲೋಸ್ ಮಾಡಿದೀನಿ! ಎಲ್ಲಾ ಕೆಳಗ್ ಬನ್ನಿ, ಲಿಫ್ಟ್ ಬ್ಯಾಡ!" ನಮ್ಮ ಅಡುಗೆಮನೆಯಿಂದ ಶಾರದಾ ಕೂಗಿದಳು. "ರೀ! ಒಲೆ ಆರಿಹೋಯ್ತು! ಹೆಂಚಿನ ಮೇಲೆ ಒಬ್ಬಟ್ಟಿದೆ!"

ಆಗಲೇ ಸತ್ಯ ಹೇಳಬಹುದಿತ್ತು. ಆದರೆ ತಂಡ ಬರುವ ಮೊದಲೇ ಹೇಳಿಬಿಟ್ಟರೆ ಆಡಿಟ್ ಕೆಡುತ್ತದಲ್ಲ? ಇನ್ನೊಂದು ಗಳಿಗೆ, ಇನ್ನೊಂದೇ ಗಳಿಗೆ ಎಂದು ಬಾಯಿ ಬಿಗಿಹಿಡಿದು ಅವಳ ಹಿಂದೆ ಇಳಿದೆ.

ಅಂಗಳದಲ್ಲಿ ಇಡೀ ಬಿಲ್ಡಿಂಗ್ ನೆರೆದಿತ್ತು. ಅರ್ಧ ಸಂಕಲ್ಪ ಮುಗಿಸಿದ್ದ ಪುರೋಹಿತರು ಪಂಚಪಾತ್ರೆ ಹಿಡಿದೇ ಬಂದಿದ್ದರು. ಮುನಿಯಪ್ಪನವರ ತೋಳಲ್ಲಿ ಇನ್ನೂ ಹೆಸರಿಲ್ಲದ ಕೂಸು. ಗೇಟಿನಲ್ಲಿ ನೆಂಟರ ಕಾರುಗಳು ಬಂದು ನಿಲ್ಲುತ್ತಿದ್ದವು. ಮುನಿಯಪ್ಪನವರು ಶಾರದಾಳ ಮುಖ ನೋಡಿ, "ಗ್ಯಾಸ್ ನಿಲ್ಲಾಕಿಲ್ಲ ಅಂದಿದ್ರಿ ಅಮ್ಮಾವ್ರೆ" ಎಂದರು. ಅಷ್ಟೇ ಅಂದರು. ಅವಳು ತಲೆ ತಗ್ಗಿಸಿದಳು. ಅವಳು ತಲೆ ತಗ್ಗಿಸಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಫೈರ್ ಇಂಜಿನ್ ಬಂತು. ಅದರ ಬಾಲ ಹಿಡಿದು ಆಂಬುಲೆನ್ಸ್ ಬಂತು. ಇಳಿದವರ ಮೊದಲ ಪ್ರಶ್ನೆ: "ತಲೆ ಸುತ್ತಿದ ರಾಮಚಂದ್ರ ಎಲ್ಲಿ?"

ರಾಮಚಂದ್ರ ಎಂಬ ಹೆಸರಿನವರು ನಮ್ಮ ಬಿಲ್ಡಿಂಗಿನಲ್ಲೇ ಇರಲಿಲ್ಲ. ಮೂರನೇ ಮಹಡಿಯಲ್ಲಿ ಬೀಗ ಹಾಕಿದ ಮನೆ ಒಂದಿತ್ತು. ಅದರ ಬಾಡಿಗೆದಾರ ಊರಿಗೆ ಹೋಗಿದ್ದ. "ಯಾರೋ ನೆಂಟ್ರು ಉಳ್ಕೊಂಡಿದ್ರೇನೋ! ಒಳಗೇ ಬಿದ್ದಿದಾರೇನೋ!" ಎಂದು ಯಾರೋ ಚೀರಿದರು. ಹೆಂಗಸರು ಅಳತೊಡಗಿದರು. ಇಬ್ಬರು ಕೊಡಲಿ ಹಿಡಿದು ಮೆಟ್ಟಿಲು ಹತ್ತಿದರು. ಹಿಂದೆ ನಾನು ಓಡಿದೆ. ನನ್ನ ಹಿಂದೆ ಶಾರದಾ, ಅವಳ ಹಿಂದೆ ಅರ್ಧ ನಾಮಕರಣ!

ತೇಗದ ಬಾಗಿಲಿನ ಮೇಲೆ ಕೊಡಲಿ ಎತ್ತಿದ್ದಾಯಿತು. ಇನ್ನು ತಡೆಯಲಾಗಲಿಲ್ಲ.

"ನಿಲ್ಸಿ! ರಾಮಚಂದ್ರ ನಾನೇ!"

ಕೊಡಲಿ ಗಾಳಿಯಲ್ಲೇ ನಿಂತಿತು. "ಹಾಗಾದ್ರೆ ಪ್ರಕಾಶ ಯಾರ್ರೀ?" ಎಂದಳು ಶಾರದಾ.

ಅವನೂ ನಾನೇ ಎಂದೆ. ಆಡಿಟ್ ಎಂದೆ. ಕಾರ್ಯಕ್ಷಮತೆ ಎಂದೆ. ಕೊಡಲಿಯವನು ಬಾಗಿಲನ್ನೂ ನನ್ನ ತಲೆಯನ್ನೂ ಒಮ್ಮೆ ಹೋಲಿಸಿ ನೋಡಿ, ಬಾಯಿಗೆ ಬಂದಂತೆ ಬೈದು, ನನ್ನ ಹೆಸರು ಬರೆದುಕೊಂಡು ಕೆಳಗಿಳಿದ. ಈ ಸಲ ನಿಜವಾದ ಹೆಸರು.

ಅಷ್ಟರಲ್ಲಿ ನಮ್ಮ ತಂಡದ ಮಂಜು ಹುಡುಗರೊಂದಿಗೆ ಹಾಜರಾದ. ಹೇಳಿದ ಸಮಯಕ್ಕಿಂತ ಬೇಗ! ಆಡಿಟರಾಗಿ ಹೆಮ್ಮೆಪಡಬೇಕೋ ಮನುಷ್ಯನಾಗಿ ಅಳಬೇಕೋ ತಿಳಿಯಲಿಲ್ಲ.

"ಮಂಜು, ಬೇಗ ವಾಲ್ವ್ ಓಪನ್ ಮಾಡಪ್ಪ."

"ಆಗಲ್ಲ ಸಾರ್. ಒಂದ್ಸಲ ಕ್ಲೋಸ್ ಆದ್ಮೇಲೆ ಪ್ರತಿ ಮನೇಲೂ ಸೋಪ್‌ನೀರು ಹಾಕಿ ಟೆಸ್ಟ್ ಮಾಡ್ಬೇಕು. ಯಾರೇ ಅವಸರ ಮಾಡಿದ್ರೂ ಬಿಡಬೇಡಿ ಅಂತ ಟ್ರೈನಿಂಗ್ ಕೊಟ್ಟಿದೀರಲ್ಲ ಸಾರ್."

ಕೊಟ್ಟಿದ್ದೆ. ಸೊಗಸಾಗಿ ಕೊಟ್ಟಿದ್ದೆ.

ಮನೆಮನೆಯಲ್ಲೂ ಪೈಪಿನ ಕೀಲುಗಳಿಗೆ ಸೋಪ್‌ನೀರು ಸವರಿದರು. ಎಲ್ಲೂ ಗುಳ್ಳೆ ಏಳಲಿಲ್ಲ. ಕೊನೆಗೆ ನಮ್ಮ ಅಡುಗೆಮನೆ. ಒಲೆಯ ರಬ್ಬರ್ ಟ್ಯೂಬಿಗೆ ಸವರಿದ್ದೇ ತಡ, ಬುಳುಬುಳು ಗುಳ್ಳೆ! "ನೋಡಿದ್ರಾ!" ಎಂದು ನಾನು ಕುಣಿದೆ. "ನಿಜವಾಗ್ಲೂ ಲೀಕ್ ಇತ್ತು! ನಾನು ಆಡಿಟ್ ಮಾಡ್ದೇ ಇದ್ದಿದ್ರೆ ಏನಾಗ್ತಿತ್ತು?"

ಯಾರೂ ಕುಣಿಯಲಿಲ್ಲ. ದೋಷ ಸಿಕ್ಕರೆ ಐದು ಸಲ 'ಯಾಕೆ' ಎಂದು ಕೇಳಿದರೆ ಮೂಲಕಾರಣ ಸಿಗುತ್ತದೆ ಎಂದು ಮಂಜುವಿಗೆ ಕಲಿಸಿದವನೂ ನಾನೇ. ಅವನು ಶಾರದಾಳ ಕಡೆ ತಿರುಗಿದ.

"ಯಾಕೆ ಲೀಕ್ ಆಯ್ತು ಮೇಡಂ?"

"ಟ್ಯೂಬ್ ಹಳೇದಾಗಿದೆ."

"ಯಾಕೆ ಚೇಂಜ್ ಮಾಡಿಸ್ಲಿಲ್ಲ?"

"ನಾನು ನೋಡ್ಕೋತೀನಿ ಅಂದ್ರು ಇವ್ರು."

"ಯಾಕೆ ನೋಡ್ಲಿಲ್ಲ?"

"ಲೀಕೇ ಇಲ್ಲ ಅಂದ್ರು. ವಾಸನೆ ಬರುತ್ತೆ ಅಂದ್ರೆ, ಅದು ಒಗ್ಗರಣೆ ಇಂಗು ಅಂದ್ರು."

"ಯಾಕೆ ಹಾಗಂದ್ರು?"

"ನನ್ನ ಗಂಡ ಗ್ಯಾಸ್ ಕಂಪನಿ ಆಡಿಟರ್ ಕಣಪ್ಪ. ಅವ್ರಿಗೆ ಎಲ್ಲಾ ಗೊತ್ತು."

ಮಂಜು ನನ್ನನ್ನು ನೋಡಿ ಪೆನ್ನು ಮುಚ್ಚಿದ. ಐದನೆಯ ಯಾಕೆ ಬೇಕಾಗಲಿಲ್ಲ.

ಹೊಸ ಟ್ಯೂಬ್ ಬರುವವರೆಗೆ ವಾಲ್ವ್ ತೆರೆಯುವಂತಿಲ್ಲ, ನೆಂಟರನ್ನು ಉಪವಾಸ ಕಳಿಸುವಂತೆಯೂ ಇಲ್ಲ. ಬಿಲ್ಡಿಂಗಿನ ಹಿಂದೆ ಮುನಿಯಪ್ಪನವರ ಹಳೆಯ ಮನೆಯಿದೆ. ಅದರ ಹಿತ್ತಲಲ್ಲಿ ಮೂರು ಕಲ್ಲಿಟ್ಟು ಸೌದೆ ಒಲೆ ಹೂಡಿದರು. ಸೌದೆ ಹಸಿ. ಊದುವವರು ಬೇಕು. ಮುನಿಯಪ್ಪನವರು ಊದುಗೊಳವೆ ತಂದು ನನ್ನ ಕೈಗೇ ಇಟ್ಟರು. ಪೈಪಿನ ಕೆಲಸ ನನ್ನದಲ್ಲವೇ? ಶಾರದಾ ಒಬ್ಬಟ್ಟು ತಟ್ಟಿದಳು, ನಾನು ಕಣ್ಣೀರು ಸುರಿಸುತ್ತ ಊದಿದೆ. ಎಲ್ಲ ಕಣ್ಣೀರೂ ಹೊಗೆಯದಾಗಿರಲಿಲ್ಲ.

ಕೂಸಿಗೆ ಹೆಸರಿಟ್ಟಾಯಿತು, ತೊಟ್ಟಿಲು ತೂಗಿಯಾಯಿತು. ಊಟ ಮುಗಿದು ಎಲೆ ಎತ್ತುವ ಮೊದಲು ಶಾರದಾ ಎದ್ದು ನಿಂತಳು. "ಎಲ್ಲರೂ ಇಲ್ಲೇ ಇದೀರಿ. ನಾನು ಕೊಟ್ಟ ಮಾತು ತಪ್ಪಿದೆ. ಪೈಪ್ ತೆಗೆಸ್ಬೇಕು ಅಂದ್ರೆ ಕೈ ಎತ್ತಿ. ನಾನು ಬೇಜಾರ್ ಮಾಡ್ಕೊಳಲ್ಲ."

ಎಲ್ಲರೂ ಮುನಿಯಪ್ಪನವರ ಕಡೆ ನೋಡಿದರು. ಅವರು ಒಬ್ಬಟ್ಟಿನ ಕೊನೆಯ ಚೂರನ್ನು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟು, ನಿಧಾನವಾಗಿ ನುಂಗಿದರು.

"ಪೈಪು ಇರ್ಲಿ ಬುಡಿ ಅಮ್ಮಾವ್ರೆ. ಫೋನ್ ಮಾಡಿದ ತಕ್ಷಣ ಬಂದವ್ರೆ, ಪಾಪ, ಮನೆಮನೇನೂ ನೋಡವ್ರೆ. ಪೈಪಲ್ಲಿ ಏನೂ ದೋಷ ಇಲ್ಲ. ತೆಗುಸ್ಲೇಬೇಕು ಅಂದ್ರೆ ನಿಮ್ ಯಜಮಾನ್ರನ್ನ ತೆಗುಸ್ಬುಡಿ!"

ಬೆಳಗಿನಿಂದ ಮೊದಲ ಸಲ ಶಾರದಾ ನಕ್ಕಳು. ಕಣ್ಣೊರೆಸಿಕೊಂಡು, ಸೆಕ್ರೆಟರಿಯ ಗತ್ತಿನಲ್ಲಿ, "ಈ ಸಲಹೆಗೆ ಒಪ್ಪಿಗೆ ಇರೋರು ಕೈ ಎತ್ತಿ" ಎಂದಳು. ಒಂದು ಕೈಯೂ ಕೆಳಗಿರಲಿಲ್ಲ. ವಾಚ್‌ಮನ್ ಬಸವಣ್ಣ ಎರಡೂ ಎತ್ತಿದ್ದ.

ನಾನೂ ಎತ್ತಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ನನ್ನ ಆಡಿಟ್ಟಿನಲ್ಲಿ ದೋಷ ಎಲ್ಲಿದೆಯೆಂದು ಸರಿಯಾಗಿ ಗೊತ್ತಾಗಿತ್ತು.