ಬೀಗರನ್ನು ತಡೆದ ಫೈರ್‌ವಾಲ್

ಹಗಲೂ ರಾತ್ರಿ ದುಡಿಯುವವರಿಗೆ ಮನೆಯಲ್ಲಿ ಮರ್ಯಾದೆ ಸಿಗಬೇಕಾದರೆ ದುಡಿದದ್ದು ಕಣ್ಣಿಗೆ ಕಾಣಬೇಕು. ಫ್ರಿಜ್ಜಿನ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಬಾಗಿಲು ತೆಗೆದರೆ ಹಾಲು ಕಾಣುತ್ತದೆ. ಹಡಗಲಿಯ ನಮ್ಮ ಮನೆಯ ಅಲ್ಮಾರಿಯ ಮೇಲೆ ಸದಾ ಗುಂಯ್‌ಗುಡುವ ಹಳೆಯ ಕಂಪ್ಯೂಟರಿಗೆ ಆ ಭಾಗ್ಯವಿಲ್ಲ. ಇಂಟರ್ನೆಟ್ಟಿನಿಂದ ಮನೆಗೆ ಬರುವುದೆಲ್ಲ ಅದನ್ನು ದಾಟಿಯೇ ಬರಬೇಕು. ಅನುಮಾನ ಬಂದದ್ದನ್ನು ಅದು ಹೊರಗೇ ನಿಲ್ಲಿಸುತ್ತದೆ. ಇದಕ್ಕೆ ಫೈರ್‌ವಾಲ್ ಎನ್ನುತ್ತಾರೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ನಾನು ಅದನ್ನು ಆರಿಸಲು ಯಾರಿಗೂ ಬಿಡುವುದಿಲ್ಲ. ಕರೆಂಟ್ ಹೋದರೆ ಇನ್ವರ್ಟರಿನ ಮೊದಲ ಪಾಲು ಅದಕ್ಕೆ. "ಕಳ್ಳರು ಬಂದು ಏನ್ ಒಯ್ತಾರ್ರಿ, ನಿಮ್ಮ ಪ್ರಶ್ನೆಪತ್ರಿಕಿನಾ?" ಎನ್ನುತ್ತ ಹೆಂಡತಿ ಗಿರಿಜಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳೆ.

ನನ್ನ ತಂಗಿ ರೇಣುಕಾ ನರ್ಸ್. ಅವಳಿಗೆ ಬಂದ ಎರಡು ಸಂಬಂಧಗಳು, ಮದುವೆಯ ನಂತರ ಕೆಲಸ ಬಿಡಬೇಕೆಂಬ ಮಾತಿಗೇ ಮುರಿದಿದ್ದವು. ಆಸ್ಪತ್ರೆಯಲ್ಲಿ ಎಂಥವರನ್ನೂ ಗದರಿಸಿ ಮಾತ್ರೆ ನುಂಗಿಸುವ ಹುಡುಗಿ, ಹಿರಿಯರ ಮುಂದೆ ಕೂತರೆ ತುಟಿ ಬಿಚ್ಚುವುದಿಲ್ಲ. ಮೂರನೆಯ ಸಂಬಂಧ ಹರಪನಹಳ್ಳಿಯ ಕೊಟ್ರೇಶನದು, ಕೂಡ್ಲಿಗಿಯಲ್ಲಿ ಮೇಷ್ಟ್ರು. ಮನೆಗೆ ಬರುವ ಮೊದಲು ವಿಡಿಯೋ ಕಾಲಿನಲ್ಲಿ ಮಾತಾಡೋಣವೆಂದು ಅವನ ತಂದೆ ಹೇಳಿ ಕಳಿಸಿದರು.

ಭಾನುವಾರ ನಾವೆಲ್ಲ ಟಿವಿಯ ಮುಂದೆ ಕೂತೆವು. ಅತ್ತ ಸೋಫಾದ ತುಂಬ ಹಿರಿಯರು. ಕೊಟ್ರೇಶನ ತಂದೆ ಗಂಟಲು ಸರಿಮಾಡಿಕೊಂಡು, "ಮದ್ವಿ ಆದ್ಮೇಲೆ ಹುಡುಗಿ ಕೆಲ್ಸದ ವಿಚಾರ..." ಎನ್ನುವಷ್ಟರಲ್ಲಿ ಚಿತ್ರ ನಿಂತುಬಿಟ್ಟಿತು. ಅವರ ತೆರೆದ ಬಾಯಿ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದೂ ಹೋಯಿತು.

ನಾನು ಸ್ಟೂಲ್ ಹತ್ತಿ ನೋಡಿದೆ. ಹಿಂದಿನ ದಿನ ನಾನೇ ನಿಯಮಗಳನ್ನು ಬಿಗಿ ಮಾಡಿದ್ದೆ. ಫೈರ್‌ವಾಲ್ ಅದರಂತೆಯೇ ಬೀಗರನ್ನು ಅನುಮಾನಿಸಿ ತಡೆದಿತ್ತು. ನನಗೆ ಒಳಗೊಳಗೇ ಹೆಮ್ಮೆಯಾಯಿತು. "ಏನೂ ಕೆಟ್ಟಿಲ್ಲವ್ವ, ಸರಿಯಾಗೇ ಕೆಲ್ಸ ಮಾಡಾಕತ್ತೈತಿ" ಎಂದೆ.

"ಸರಿಯಾಗಿ ಮಾಡಿದ್ರ ಬೀಗರು ಎಲ್ಲಿ ಹೋದ್ರಲೇ?" ಅವ್ವ ಸ್ಟೂಲಿನ ಹತ್ತಿರವೇ ಬಂದು ನಿಂತಳು. "ಆ ಮಾತು ತೆಗೆದಿದ್ದಕ್ಕ ನಾವೇ ಕಟ್ ಮಾಡಿದ್ವಿ ಅಂತ ತಿಳ್ಕಂತಾರ."

ನಿಯಮ ಸಡಿಲಿಸಿ, ಯಂತ್ರವನ್ನು ಮತ್ತೆ ಶುರುಮಾಡಿ ಕೆಳಗಿಳಿದಾಗ ರೇಣುಕಾ ಅಲ್ಲಿರಲಿಲ್ಲ. ಕಾಲ್ ನಿಂತದ್ದೇ ಕೊಟ್ರೇಶ ಅವಳ ಮೊಬೈಲಿಗೆ ಫೋನ್ ಮಾಡಿದ್ದನಂತೆ. ಹಿತ್ತಲಲ್ಲಿ ಒಬ್ಬಳೇ ನಿಂತು ಮಾತಾಡಿ ಒಳಗೆ ಬಂದಳು.

"ಕೆಲ್ಸ ಬಿಡಾಂಗಿಲ್ಲ ಅಂತ ಹೇಳಿಬಿಟ್ಟೆ ಅಣ್ಣ. ಅದಕ್ಕ ಅವ್ರು, ಬಿಡೋದ್ಯಾಕ್ರಿ, ಕೂಡ್ಲಿಗಿಗೆ ವರ್ಗಾವಣಿ ಕೇಳ್ರಿ ಅಂದ್ರು. ಅವ್ರಪ್ಪಗೂ ತಾವೇ ಹೇಳ್ತಾರಂತ."

"ಎಲ್ಲರ ಮುಂದ ಇದನ್ನ ಹೇಳ್ತಿದ್ದೇನ?" ಗಿರಿಜಾ ಕೇಳಿದಳು.

"ಎಲ್ಲೀದು ಅತ್ತಿಗಿ!" ಎಂದು ರೇಣುಕಾ ನಕ್ಕಳು. ಬಹಳ ದಿನಗಳ ಮೇಲೆ ಅವಳು ಹಾಗೆ ನಕ್ಕದ್ದು.

ಮತ್ತೆ ಕಾಲ್ ಮಾಡಿದಾಗ ಕೊಟ್ರೇಶನ ತಂದೆ ಕೆಲಸದ ಮಾತೆತ್ತದೆ ಮನೆಗೆ ಬರುವ ದಿನ ಕೇಳಿದರು. ಸಂಬಂಧ ಕುದುರಿತು. ಅದು ಫೈರ್‌ವಾಲಿನಿಂದಲೇ ಕುದುರಿದ್ದೆಂದು ನೆಂಟರಿಗೆಲ್ಲ ವಿವರಿಸಿದೆ, ಒಬ್ಬರೂ ಒಪ್ಪಲಿಲ್ಲ. ಈಗ ಹರಪನಹಳ್ಳಿಯವರು ವಿಡಿಯೋ ಕಾಲ್ ಮಾಡುವುದಿದ್ದರೆ ಅವ್ವ ನನ್ನ ಕೈಗೆ ಚೀಲ ಕೊಟ್ಟು ಮಾರ್ಕೆಟ್ಟಿಗೆ ಕಳಿಸುತ್ತಾಳೆ. ಬದನೆಕಾಯಿ ತಂದು ಎಷ್ಟು ಬಾಗಿಲು ಬಡಿದರೂ ಮಾತು ಮುಗಿಯುವತನಕ ಯಾರೂ ತೆಗೆಯುವುದಿಲ್ಲ.