ಮಲಗಿದ ಕ್ಯಾಪ್ಟನ್ನನ್ನು ಎಬ್ಬಿಸುವುದು ಹೇಗೆ

ಮಲಗಿದವರನ್ನು ಎಬ್ಬಿಸುವುದು ನನ್ನಿಂದಾಗದ ಕೆಲಸ. ಮನೆಗೆ ಬೆಂಕಿ ಬಿದ್ದರೂ ನಾನು ಮೊದಲು ಬಾಗಿಲ ಬಳಿ ನಿಂತು ಮೆಲ್ಲಗೆ ಕೆಮ್ಮುವವನೇ. ಇದು ಮೈಸೂರಿನ ಮನೆಯಲ್ಲಿ ಬಂದ ಸಂಸ್ಕಾರ. ಊಟವಾಗಿ ಅಪ್ಪ ಅಡ್ಡಾದರೆಂದರೆ ನಾವೆಲ್ಲ ತುದಿಗಾಲಲ್ಲಿ ಓಡಾಡಬೇಕು. ಅವರನ್ನು ಎಬ್ಬಿಸಲೇಬೇಕಾದರೆ ಅಮ್ಮ ಅಡುಗೆಮನೆಯಲ್ಲಿ ಒಂದು ತಟ್ಟೆ ಬೀಳಿಸುತ್ತಿದ್ದರು. ಅಪ್ಪ ತಾವಾಗಿಯೇ ಎದ್ದಂತಾಯಿತು, ಅಮ್ಮ ಎಬ್ಬಿಸಲಿಲ್ಲವೆಂದೂ ಆಯಿತು.

ದೇಶ ಬಿಟ್ಟು ಬಂದು ನೆಲೆಸಿದ ಬೆರ್ರಿಯೆಸಾದ ನಮ್ಮ ಮನೆಯಲ್ಲೂ ಅದೇ ಪದ್ಧತಿ. ಹೆಂಡತಿ ಸುಮಾ ಆಸ್ಪತ್ರೆಯಲ್ಲಿ ಡಾಕ್ಟರು. ರಾತ್ರಿಪಾಳಿ ಮುಗಿಸಿ ಅವಳು ಮಲಗುವ ಹೊತ್ತಿಗೆ ನಾನು ಮೆನ್ಲೋ ಪಾರ್ಕಿನ ಆಫೀಸಿಗೆ ಹೊರಡುತ್ತೇನೆ, ಶೂಸು ಕೈಯಲ್ಲಿ ಹಿಡಿದು, ಗರಾಜಿನವರೆಗೆ ಕಳ್ಳನ ಹಾಗೆ. ನಾನು ಮಲಗಿದ್ದಾಗ ಅವಳೂ ಹಾಗೆಯೇ. ಮಗಳು ಕಾಲೇಜಿಗೆಂದು ದೂರ ಹೋದ ಮೇಲೆ ಇಬ್ಬರೂ ಎಷ್ಟು ಮರ್ಯಾದಸ್ಥರಾದೆವೆಂದರೆ, ವಾರಗಟ್ಟಲೆ ನೆಟ್ಟಗೆ ಮಾತೇ ಆಗುತ್ತಿರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ. ಒಂಟಿತನ ಮಾತ್ರ ಇತ್ತು. ಹೇಳಿಕೊಳ್ಳೋಣವೆಂದರೆ ಇಬ್ಬರಲ್ಲಿ ಒಬ್ಬರು ಮಲಗಿರುತ್ತಿದ್ದೆವು.

ಅದಕ್ಕೇ, ಆಫೀಸಿನ ಗೆಳೆಯ ಲಾರ್ಸ್ ಬೇಸಿಗೆಗೆ ತನ್ನ ನಾರ್ವೆಗೆ ಬಾ, ತಂಗಿಯ ಹಾಯಿದೋಣಿಯಲ್ಲಿ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗೋಣ ಎಂದಾಗ ಒಪ್ಪಿಬಿಟ್ಟೆ. ನಮ್ಮೂರ ಹತ್ತಿರದ ಎಮರಿವಿಲ್ಲಿನ ದಡದಲ್ಲಿ ಅವನ ಜೊತೆ ಕೆಲವು ಶನಿವಾರ ಹಾಯಿಯ ಹಗ್ಗ ಎಳೆದಿದ್ದೇ ನನ್ನ ಅರ್ಹತೆ. ಲಾರ್ಸ್, ಅವನ ತಂಗಿ ಇಂಗ್ರಿಡ್, ನಾನು, ಮೂರೇ ಜನ. ಇಷ್ಟು ಚಿಕ್ಕ ದೋಣಿಯಲ್ಲಿ ಹರಟೆಗೇನು ಬರ ಎಂದುಕೊಂಡಿದ್ದೆ. ಹತ್ತಿದ ಮೇಲೆ ತಿಳಿಯಿತು, ಒಬ್ಬರು ಚುಕ್ಕಾಣಿ ಹಿಡಿದಾಗ ಉಳಿದಿಬ್ಬರು ಮಲಗಬೇಕು. ಸರದಿ ಬದಲಾಗುವಾಗ ಒಂದು ಗುಡ್ ಮಾರ್ನಿಂಗು, ಅಷ್ಟೇ. ಬೆರ್ರಿಯೆಸಾದ ಮನೆಯನ್ನೇ ನೀರಿಗಿಳಿಸಿದಂತಿತ್ತು. ಉತ್ತರಕ್ಕೆ ಹೋದಂತೆ ಸೂರ್ಯನೊಬ್ಬ ಮಲಗುವುದನ್ನೇ ಬಿಟ್ಟ. ಎಡಕ್ಕೆ ಸಮುದ್ರ, ಬಲಕ್ಕೆ ಹಿಮ ಹೊತ್ತ ಬೆಟ್ಟಗಳು, ನಡುವೆ ಉಪ್ಪಿಟ್ಟಿನ ಡಬ್ಬಿ ಹಿಡಿದ ನಾನು. ಅಂಥ ಚೆಲುವನ್ನು "ನೋಡೇ" ಎಂದು ತೋರಿಸಲು ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ನಿಜಕ್ಕೂ ಸಂಕಟವಾಗುತ್ತದೆ. ಸುಮಾಳಿಗೆ ಫೋನ್ ಮಾಡೋಣವೆಂದು ದಿನವೂ ಕೈಗೆತ್ತಿಕೊಳ್ಳುವುದು, ಮಲಗಿರಬಹುದೆಂದು ದಿನವೂ ಜೇಬಿಗೆ ಹಾಕುವುದು.

ಕ್ಯಾಪ್ಟನ್ ಲಾರ್ಸನದು ಒಂದೇ ಕಟ್ಟಪ್ಪಣೆ: ಚೂರು ಅನುಮಾನ ಬಂದರೂ ನನ್ನನ್ನು ಎಬ್ಬಿಸು. ಒಂದು ದಿನ ನನ್ನ ಸರದಿಯಲ್ಲಿ ಗಾಳಿ ನಿಂತುಹೋಗಿ ಎಂಜಿನ್ ಹಾಕಿಕೊಂಡು ಹೋಗುತ್ತಿದ್ದೆವು. ಎದುರಿಗೆ ಕಿತ್ತಳೆ ಬಣ್ಣದ ಚೆಂಡುಗಳು ಸಾಲಾಗಿ ತೇಲುತ್ತಿದ್ದವು. ಮೀನಿನ ಬಲೆಯೋ ಏನೋ. ನಾನು ಕೆಮ್ಮಿದೆ. ಒಂದು ದೇವರನಾಮ ಗುನುಗಿದೆ. ಕೊನೆಗೆ ಸ್ಟೀಲ್ ತಟ್ಟೆಯನ್ನೂ ಬೀಳಿಸಿದೆ. ಕಿವಿಗೆ ಬಿರಡೆ ಇಟ್ಟು ಮಲಗಿದ ನಾರ್ವೆಯವರಿಗೆ ಮೈಸೂರಿನ ತಟ್ಟೆ ಹೇಗೆ ಅರ್ಥವಾಗಬೇಕು? ಬಲೆಯ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. ಆ ನಿಶ್ಶಬ್ದಕ್ಕೆ ಅಣ್ಣ ತಂಗಿ ಇಬ್ಬರೂ ಎದ್ದು ಓಡಿಬಂದರು.

ಲಾರ್ಸ್ ಕೊರೆಯುವ ನೀರಿಗಿಳಿದು ಹಗ್ಗ ಕೊಯ್ದು ಬಂದ. ಯಾಕೆ ಎಬ್ಬಿಸಲಿಲ್ಲ ಎಂದು ನಡುಗುತ್ತ ಕೇಳಿದ. ನಿನ್ನ ನಿದ್ದೆ ಕೆಡುತ್ತಲ್ಲ ಎಂದೆ. ಅವನು ಬಯ್ಯಲಿಲ್ಲ. ಬೇಕಾದಾಗ ನೀನು ಕರೆಯುತ್ತೀಯ ಎಂಬ ನಂಬಿಕೆಯಿಂದಲೇ ಮಾರಾಯ ನಮಗೆ ನಿದ್ದೆ ಬರುವುದು ಎಂದ.

ಅವತ್ತೇ ಸುಮಾಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಮಲ್ಗಿದ್ಯಾ?"

"ಇಲ್ಲ. ಯಾಕ್ರೀ ಇಷ್ಟ್ ದಿನ ಫೋನೇ ಇಲ್ಲ?"

"ಡಿಸ್ಟರ್ಬ್ ಆಗತ್ತೇನೋ ಅಂತ. ನೀನ್ಯಾಕೆ ಮಾಡ್ಲಿಲ್ಲ?"

"ನೀವ್ ಮಲ್ಗಿರ್ತೀರೇನೋ ಅಂತ. ನಂಗೆಲ್ಲಿ ನಿದ್ದೆ ಬರತ್ತೆ, ಮನೇಲಿ ಒಂದ್ ಸದ್ದೂ ಇಲ್ಲ," ಎಂದಳು.

ಇನ್ನು ಮೇಲೆ ಎಬ್ಬಿಸಿಯೇ ಸಿದ್ಧ ಎಂದು ತೀರ್ಮಾನಿಸಿದೆ. ವಾಪಸು ಬಂದು ಬಾಗಿಲು ತೆರೆದಾಗ ಸುಮಾ ಡ್ಯೂಟಿ ಮುಗಿಸಿ ಮಲಗಿದ್ದಳು. ನೇರ ಹೋಗಿ ಭುಜ ಹಿಡಿದು ಅಲುಗಿಸಿದೆ. ಗಾಬರಿಯಿಂದ ಎದ್ದು ಕೂತಳು.

"ಏನಾಯ್ತು? ಯಾರಿಗೇನಾಯ್ತು?" ನಮ್ಮಲ್ಲಿ ಎಬ್ಬಿಸುವುದು ಕೆಟ್ಟ ಸುದ್ದಿಗೆ ಮಾತ್ರ ತಾನೇ.

"ಯಾರಿಗೂ ಏನಾಗಿಲ್ಲ. ನಾನ್ ಬಂದೆ, ಅಷ್ಟೇ."

ನನ್ನ ಮುಖವನ್ನೇ ನೋಡಿದಳು. ಕೈ ಹಿಡಿದುಕೊಂಡಳು. "ಕಾಫಿ ಮಾಡ್ಕೊಂಡ್ ಬನ್ನಿ. ಎಲ್ಲಾ ಹೇಳ್ಬೇಕು ನೀವು."

ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಎರಡು ಲೋಟ ಹಿಡಿದು ಬರುವಷ್ಟರಲ್ಲಿ ಅವಳಿಗೆ ಮತ್ತೆ ಗಾಢ ನಿದ್ದೆ. ಎರಡನೇ ಸಲ ಎಬ್ಬಿಸುವುದನ್ನು ನಾರ್ವೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮಂಚದ ತುದಿಯಲ್ಲಿ ಕೂತು, ಸೊರ್ ಎನ್ನದಂತೆ ಎಚ್ಚರವಹಿಸಿ, ಎರಡೂ ಲೋಟ ನಾನೇ ಕುಡಿದೆ.